ಅಪ್‌ಡೇಟ್: ಮೆಟ್ನರ್ ರೆಕಾರ್ಡಿಂಗ್‌ಗಳನ್ನು ಕೇಳಿದೆ

ರಷ್ಯಾದ ಸಂಯೋಜಕ, ಪಿಯಾನೋ ವಾದಕ ನಿಕೊಲಾಯ್ ಮೆಟ್ನರ್ ಸಂಗೀತವನ್ನು ಯಾವ ರೆಕಾರ್ಡಿಂಗ್‌ನಿಂದ ಶುರು ಮಾಡಲಿ ಅಂತ ಕೇಳಿದ್ದೆ ಅಲ್ವಾ? ‘ಅವರೇ ನುಡಿಸಿದ್ದನ್ನು ಮೊದಲು ಕೇಳಿ’ ಅಂದವರಿಗೆ ತುಂಬಾ ಥ್ಯಾಂಕ್ಸ್.

ಅವರ ಮೂರೂ ಪಿಯಾನೋ ಕನ್ಸರ್ಟೊ (ಪಿಯಾನೋ ಮತ್ತು ವಾದ್ಯವೃಂದ ಜೊತೆಯಾಗಿ ನುಡಿಸುವ ದೊಡ್ಡ ಕೃತಿ) ಕೇಳಿದೆ. 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮಾಡಿದವು. ಆಗ ಅವರಿಗೆ 67 ದಾಟಿತ್ತು, ಹೃದಯದ ಕಾಯಿಲೆ ಬೇರೆ. ಆದರೂ ಎರಡನೇ ಕನ್ಸರ್ಟೊದ ಮೊದಲ ಭಾಗ, ಆ ಟೊಕಾಟಾ (ಬೆರಳುಗಳ ಚುರುಕು ತೋರಿಸುವ ವೇಗದ ರಚನೆ), ಕೇಳಿ ನೋಡಿ! ಅಷ್ಟು ವೇಗದಲ್ಲೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಹಳೇ ರೆಕಾರ್ಡಿನ ಸದ್ದು ಸ್ವಲ್ಪ ಹೊತ್ತಿಗೆ ಮರೆತೇ ಹೋಗುತ್ತದೆ.

ಇದಕ್ಕೆಲ್ಲ ಹಣ ಕೊಟ್ಟವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್. ಮೂರನೇ ಕನ್ಸರ್ಟೊವನ್ನು ಮೆಟ್ನರ್ ಈ ಒಡೆಯರ್ ಅವರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಒಡೆಯರ್ ಮುಂದೆ ಬರದಿದ್ದರೆ ಈ ಕೈಚಳಕ ನಮಗೆ ಸಿಗುತ್ತಿತ್ತೋ ಇಲ್ಲವೋ.

ಇನ್ನು ಮೆಟ್ನರ್ ಸೊನಾಟಾಗಳು, ಅಂದರೆ ಪಿಯಾನೋ ಒಂದಕ್ಕೇ ಬರೆದ ಕೃತಿಗಳು. ಕೆನಡಾದ ಪಿಯಾನೋ ವಾದಕ ಮಾರ್ಕ್-ಆಂಡ್ರೆ ಹ್ಯಾಮೆಲಿನ್ ನುಡಿಸಿದ್ದನ್ನು ಶುರು ಮಾಡಿದ್ದೇನೆ.