ಕಾರ್ ಶೆಡ್ ಖೋಲಿ ಮಾಡಿದ್ರ ಮನಿ ಕಿಮ್ಮತ್ತು ಏರ್ತದೇನ್ರಿ?

ಪ್ರಶ್ನೆ:
ನಮ್ಮ ಮನಿ ಕಲಬುರಗಿ ಜೇವರ್ಗಿ ರಸ್ತೆ ಕಡಿ ಅದ, 30×40 ಸೈಟು. ಮುಂದ 10×18 ಕಾರ್ ಶೆಡ್, ಮ್ಯಾಲ ಸ್ಲ್ಯಾಬ್. ಕಾರ್ ಮಾರಿಬಿಟ್ಟೀವಿ. ಅತ್ತಿಯವರಿಗೆ ಮೊಣಕಾಲ ನೋವು, ಮ್ಯಾಲಿನ ಖೋಲಿಗೆ ಹತ್ತಲಿಕ್ಕ ಆಗವಲ್ದು. ಶೆಡ್ ಮುಚ್ಚಿ ಖೋಲಿ ಮಾಡಿದ್ರ ಅವರಿಗೂ ಅನುಕೂಲ, ನಾಳೆ ಮಾರೋ ಹೊತ್ತಿಗೆ ರೇಟೂ ಜಾಸ್ತಿ ಬರ್ತದ ಅಂತಾರ ನಮ್ಮ ಮನಿಯವರು. ಖರೇ ಏನ್ರಿ?

ಉತ್ತರ (ಸಿವಿಲ್ ಎಂಜಿನಿಯರ್):
ಅಕ್ಕಾರ, ಬ್ಯಾಂಕ್ ಸಾಲಕ್ಕ ಮನಿ ವ್ಯಾಲ್ಯುಯೇಶನ್ ಮಾಡೋದು ನನ್ನ ಕೆಲಸ. ಮೊದಲು ಮಂಜೂರಾದ ನಕ್ಷೆ ನೋಡ್ತೀವಿ. ಅದರಾಗ ಪಾರ್ಕಿಂಗ್ ಇದ್ದಲ್ಲಿ ಖೋಲಿ ಕಂಡ್ರ 'ನಕ್ಷೆ ಪ್ರಕಾರ ಇಲ್ಲ' ಅಂತ ಬರೀತೀನಿ, ಖೋಲಿ ರೇಟು ಹಚ್ಚಂಗಿಲ್ಲ. ಕೊಳ್ಳೋರು ಸಾಲ ಮಾಡಿ ಬರೋರಿದ್ರ ಅಲ್ಲೇ ನಿಂತುಬಿಡ್ತದ. ಪಾಲಿಕೆಯಿಂದ ಪರಿಷ್ಕೃತ ನಕ್ಷೆ ಸಿಕ್ಕರ ಮಾತು ಬ್ಯಾರೆ.

ಅದಕ್ಕೂ ಮೊದಲು ಎತ್ತರ ಅಳೀರಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ವಾಸದ ಖೋಲಿಗೆ ಕನಿಷ್ಠ 2.75 ಮೀಟರ್, ಅಂದ್ರ ಸುಮಾರು 9 ಅಡಿ ಬೇಕು. ಶೆಡ್ ನೆಲ ಮನಿಗಿಂತ ಕೆಳಗಿರ್ತದ. 2020ರ ಅಕ್ಟೋಬರ್ ಮಳ್ಯಾಗ ತಗ್ಗಿನ ಮನಿಗೆ ನೀರು ನುಗ್ಗಿದ್ದು ನೆನಸ್ರಿ, ನೆಲ ಏರಿಸದೇ ಹಾಸಿಗಿ ಹಾಕಬ್ಯಾಡ್ರಿ. ಒಂದೂವರೆ ಅಡಿ ಏರಿಸಿದ್ರ ಮ್ಯಾಲ ಎಷ್ಟು ಉಳೀತದ?

ಇನ್ನೊಂದು: ನಮ್ಮದು ಕರಿ ಮಣ್ಣು. ಮಳಿಗೆ ಉಬ್ಬತದ, ಬ್ಯಾಸಗಿಗೆ ಬಿರೀತದ. ಫರಸಿ ಮ್ಯಾಲೇ ಪಾಯಾ ಇಲ್ಲದ ಗೋಡಿ ಎಬ್ಬಿಸಿದ್ರ ಸೀಳ್ತದ.

ಉತ್ತರ (ಬಿದ್ದಾಪುರ ಕಾಲೋನಿ):
ನಮ್ಮ ಬಾಜು ಮನಿಯವರು ಹಂಗೇ ಮಾಡ್ಯಾರ. ಮನಿ ಕೊಳ್ಳಲಿಕ್ಕ ಬಂದವರೆಲ್ಲ ಮೊದಲು ಕೇಳೋದು, "ಗಾಡಿ ಎಲ್ಲಿ ನಿಲ್ಲಸ್ಬೇಕ್ರಿ?" ಏಪ್ರಿಲ್-ಮೇ ಬಿಸಿಲು 40 ದಾಟ್ತದ, ರಸ್ತಿ ಮ್ಯಾಲ ಕಾರ್ ಯಾರು ಬಿಡ್ತಾರ? ಆದ್ರ ಆ ಮನ್ಯಾಗಿನ ಅಜ್ಜಿ ಈಗ ಹೊರಗ ಬಂದು ಕೂಡ್ತಾರ, ನಾಲ್ಕು ಮಂದಿ ಜೋಡಿ ಮಾತಾಡ್ತಾರ. ಅದೂ ದೊಡ್ಡದೇ ಅಲ್ರಿ.

ಪ್ರಶ್ನೆ ಕೇಳಿದವರು:
ಟೇಪ್ ಹಿಡಿದು ನೋಡಿದೆ ಸರ್. 9 ಅಡಿ 2 ಇಂಚು ಅದ. ನೆಲ ಏರಿಸಿದ್ರ 8ರ ಒಳಗ ಬರ್ತದ.

ಉತ್ತರ (ಸಿವಿಲ್ ಎಂಜಿನಿಯರ್):
ಹಂಗಾದ್ರ ಬ್ಯಾಡ್ರಿ. ತಗ್ಗು ಸ್ಲ್ಯಾಬ್, ಅದೂ ಬಿಸಿಲಿಗೆ ಕಾದದ್ದು, ವಯಸ್ಸಾದವರಿಗೆ ರಾತ್ರಿ ನಿದ್ದಿ ಕೊಡಂಗಿಲ್ಲ. ಕೆಳಗ ನಿಮ್ಮ ಹಾಲ್ ಇರ್ತದಲ್ಲ, ಅದರ ಒಂದು ಬಾಜು ಪಾರ್ಟಿಷನ್ ಹಾಕಿ ಅತ್ತಿಯವರಿಗೆ ಕೊಡ್ರಿ, ಬಚ್ಚಲ ಹತ್ತಿರ ಇರೋ ಬಾಜು. ಬಂದವರು ಕೂಡಲಿಕ್ಕ ಶೆಡ್‌ನಾಗ ಕುರ್ಚಿ ಹಾಕ್ರಿ, ಗೇಟಿಗೆ ಜಾಳಿಗಿ ಹಚ್ರಿ. ಗೋಡಿ ಕಟ್ಟೋ ರೊಕ್ಕದಾಗ ಬಚ್ಚಲಕ್ಕ ಕೈ ಹಿಡಿಯೋ ರಾಡ್ ಹಾಕಸ್ರಿ, ಜಾರದಂಥ ಟೈಲ್ಸ್ ಕೂಡಸ್ರಿ.