ಮನೆ ಕಳೆದುಕೊಳ್ಳುವ ಮೊದಲೇ ಸಲಹೆ: ಅರಿವು ಕೇಂದ್ರದಲ್ಲಿ ಏನು ಹೇಳಬೇಕು?

ಪ್ರಶ್ನೆ: ಗ್ರಂಥಾಲಯ ಮೇಲ್ವಿಚಾರಕಿ, ಹೊಸನಗರ ತಾಲ್ಲೂಕು

ನಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಪತ್ರಿಕೆ ಓದಲು ಬರುವವರಲ್ಲಿ ಕೆಲವರು ಈಚೆಗೆ ನೋಟಿಸು ಹಿಡಿದು ಬರುತ್ತಿದ್ದಾರೆ. ಕಾಡಂಚಿನ ಮನೆ ತೆರವು ಮಾಡಬೇಕೆಂಬ ನೋಟಿಸು ಒಬ್ಬರದಾದರೆ, ಶಿವಮೊಗ್ಗಕ್ಕೆ ದುಡಿಯಲು ಹೋದ ಮಗ ಭೋಗ್ಯಕ್ಕೆ ಹಿಡಿದ ಮನೆಗೆ ಬ್ಯಾಂಕಿನವರು ಅಂಟಿಸಿದ ನೋಟಿಸು ಇನ್ನೊಬ್ಬರದು. ವಾರಕ್ಕೊಮ್ಮೆ ಇಂಥವರ ಕಾಗದಪತ್ರ ನೋಡಿ ದಾರಿ ತೋರಿಸಬೇಕೆಂದಿದ್ದೇನೆ. ನಾನು ವಕೀಲೆಯಲ್ಲ; ನನ್ನ ತಪ್ಪು ಮಾತಿನಿಂದ ಒಂದು ಕುಟುಂಬ ಬೀದಿಗೆ ಬೀಳಬಾರದು. ಮೊದಲು ಏನು ಕೇಳಬೇಕು, ಯಾರ ಬಳಿಗೆ ಕಳುಹಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಕಂದಾಯ ನೌಕರ, ಸಾಗರ

ಮೇಡಂ, ಮನೆ ನಿಂತಿರುವ ನೆಲ ಯಾವುದೆಂದು ಮೊದಲು ಪಹಣಿ ನೋಡಿ ತಿಳಿದುಕೊಳ್ಳಿ. ಅದು ಸರ್ಕಾರಿ ಕಂದಾಯ ಭೂಮಿಯಾಗಿದ್ದರೆ, ಅಂಥ ನೆಲದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮಗೊಳಿಸುವ ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಅರ್ಜಿ ಹಾಕಲು ಈಗ ಅವಕಾಶವಿದೆಯೇ ಎಂದು ತಹಶೀಲ್ದಾರರಲ್ಲಿ ವಿಚಾರಿಸಬೇಕು. ಅರಣ್ಯವಾಗಿದ್ದರೆ 2006ರ ಅರಣ್ಯ ಹಕ್ಕು ಕಾಯ್ದೆಯ ದಾರಿ ಹಿಡಿಯಬೇಕು. ಇವೆರಡನ್ನು ಕಲಸಿಕೊಂಡು, ಒಂದು ಕಡೆ ಕೊಡಬೇಕಾದ ಅರ್ಜಿಯನ್ನು ಇನ್ನೊಂದು ಕಡೆ ಕೊಟ್ಟು ವರ್ಷಗಟ್ಟಲೆ ಕಾದವರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ.

ಅರಣ್ಯ ಹಕ್ಕಿನ ಪರಿಶೀಲನೆ ಮುಗಿಯುವ ತನಕ ಅರಣ್ಯವಾಸಿಗಳನ್ನು ಒಕ್ಕಲೆಬ್ಬಿಸುವಂತಿಲ್ಲವೆಂದು ಆ ಕಾಯ್ದೆಯ 4(5)ನೇ ಕಲಂ ಹೇಳುತ್ತದೆ. ಆದ್ದರಿಂದ ಅರ್ಜಿಯ ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿ. ಅರ್ಜಿಯ ಮೇಲೆ ಗ್ರಾಮಸಭೆಯ ನಿರ್ಣಯ ವಿರುದ್ಧವಾಗಿ ಬಂದರೆ 60 ದಿನಗಳೊಳಗೆ ಉಪವಿಭಾಗ ಸಮಿತಿಗೆ, ಅಲ್ಲಿಯೂ ಆಗದಿದ್ದರೆ ಅಷ್ಟೇ ಅವಧಿಯಲ್ಲಿ ಜಿಲ್ಲಾ ಸಮಿತಿಗೆ ಮನವಿ ಸಲ್ಲಿಸಬಹುದು. ಈ ಗಡುವು ತಿಳಿಯದೆ ಕೈಕಟ್ಟಿ ಕುಳಿತವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಇದಕ್ಕೆ ದಾಖಲೆಯಷ್ಟೇ ಅಲ್ಲ, ಊರ ಹಿರಿಯರ ಲಿಖಿತ ಹೇಳಿಕೆ, ಹಳೆಯ ಮನೆ, ಬಾವಿಗಳೂ ಸಾಕ್ಷ್ಯವಾಗುತ್ತವೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಎತ್ತಂಗಡಿಯಾದ ಕುಟುಂಬಗಳು ಈಗಿನ ಜಾಗಕ್ಕೆ ಬಂದು ಅಷ್ಟು ವರ್ಷವಾಗಿರದ ಕಾರಣ ಅವರಿಗೆ ಈ ಷರತ್ತು ದೊಡ್ಡ ತೊಡಕು. ಅವರು ಅಂದಿನ ಪುನರ್ವಸತಿ ಆದೇಶವನ್ನು ಹುಡುಕಿಸುವುದು ಒಳಿತು.

ಉತ್ತರ 2: ವಕೀಲೆ, ಶಿವಮೊಗ್ಗ

ಭೋಗ್ಯದ ಮನೆಯ ವಿಷಯದಲ್ಲಿ ದುಡ್ಡು ಕೊಡುವ ಮುನ್ನ ಸಿಗುವ ಸಲಹೆಗೆ ಬೆಲೆ ಹೆಚ್ಚು. ಆ ಮನೆಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರವನ್ನು ಉಪನೋಂದಣಿ ಕಚೇರಿಯಿಂದ ತೆಗೆಸಬೇಕು. ಜೊತೆಗೆ ಮೂಲ ಕ್ರಯಪತ್ರವನ್ನು ತೋರಿಸುವಂತೆ ಮಾಲೀಕರನ್ನು ಕೇಳಬೇಕು, ಏಕೆಂದರೆ ಸಾಲಕ್ಕೆ ಅಡವಿಟ್ಟ ಮನೆಯ ಮೂಲಪತ್ರ ಸಾಮಾನ್ಯವಾಗಿ ಬ್ಯಾಂಕಿನಲ್ಲೇ ಇರುತ್ತದೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಹಲವು ಕಡೆ ಛಾಪಾ ಕಾಗದದ ಮೇಲಿನ ಸಹಿಯನ್ನೇ ನಂಬಿ ಜೀವಮಾನದ ಉಳಿತಾಯವನ್ನು ಒಪ್ಪಿಸಿಬಿಡುತ್ತಾರೆ. ಬ್ಯಾಂಕಿನ ನೋಟಿಸು ಈಗಾಗಲೇ ಬಂದಿದ್ದರೆ ಒಂದು ದಿನವೂ ತಡಮಾಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ಮಕ್ಕಳು ಹೊರಗೆ ಹಾಕಿದ ವೃದ್ಧರೂ ತಮ್ಮಲ್ಲಿಗೆ ಬರಬಹುದು. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಅವರು ಉಪವಿಭಾಗಾಧಿಕಾರಿಗಳ ಮುಂದೆ ದೂರು ಕೊಡಬಹುದು. ಹೊಸನಗರದವರಿಗೆ ಆ ಕಚೇರಿ ಸಾಗರದಲ್ಲಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಬರೆದುಕೊಟ್ಟಿದ್ದರೆ ಅದನ್ನು ರದ್ದುಪಡಿಸಲು 23ನೇ ಕಲಮಿನಲ್ಲಿ ಅವಕಾಶವಿದೆ.

ಉತ್ತರ 3: ಪಂಚಾಯಿತಿ ಸದಸ್ಯ, ತೀರ್ಥಹಳ್ಳಿ ತಾಲ್ಲೂಕು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಇದು ಒಬ್ಬ ಮೇಲ್ವಿಚಾರಕಿಯ ಒಳ್ಳೆಯತನದ ಮೇಲೆ ನಿಲ್ಲಬಾರದು. ತಮಗೆ ವರ್ಗವಾದರೆ ಅಥವಾ ಹುಷಾರು ತಪ್ಪಿದರೆ ಕೆಲಸವೇ ನಿಂತುಹೋಗುತ್ತದೆ. ಇಂಗ್ಲೆಂಡಿನಲ್ಲಿ 56 ದಿನಗಳೊಳಗೆ ಮನೆ ಕಳೆದುಕೊಳ್ಳುವ ಭೀತಿಯಲ್ಲಿರುವ ಅರ್ಹರಿಗೆ ನೆರವಾಗುವುದು 2018ರಿಂದ ಸ್ಥಳೀಯ ಆಡಳಿತದ ಕಾನೂನುಬದ್ಧ ಕರ್ತವ್ಯವಾಗಿದೆ. ನಮ್ಮಲ್ಲಿ ಲಕ್ಷ ನಗರವಾಸಿಗಳಿಗೆ ಒಂದು ರಾತ್ರಿ ವಸತಿ ಕೇಂದ್ರವಿರಬೇಕೆಂಬ ಮಾನದಂಡವಿದೆ. ಅದೂ ಬೇಕು, ಆದರೆ ಅದು ಮನೆ ಹೋದ ಮೇಲಿನ ಮಾತು. ಮುಂದಿನ ಗ್ರಾಮಸಭೆಯಲ್ಲಿ ನೋಟಿಸು ಬಂದವರ ಹೆಸರು, ನೆಲದ ಸರ್ವೆ ನಂಬರು, ಮೇಲ್ಮನವಿಯ ಕೊನೆಯ ದಿನಾಂಕಗಳನ್ನು ಬರೆದಿಡುವ ಒಂದು ವಹಿಯನ್ನು ಪಂಚಾಯಿತಿಯೇ ಇಡಬೇಕೆಂದು ನಿರ್ಣಯ ಮಾಡಿಸಿ. ನಮ್ಮ ಪಂಚಾಯಿತಿಯಲ್ಲಿ ಇದೇ ವಿಷಯವನ್ನು ನಾನು ಮಂಡಿಸುತ್ತೇನೆ; ನಿರ್ಣಯದ ಕರಡನ್ನು ಇಲ್ಲಿಯೇ ಹಾಕುತ್ತೇನೆ, ವಕೀಲೆ ಮೇಡಂ ತಿದ್ದಿಕೊಡಬೇಕು.