ಸಹಾಯ ಬೇಕು: ಸ್ಟ್ರೋಕ್ ರೋಗಿಗಳ ರಕ್ತದಲ್ಲಿ ಎಂಡಿಎ ಅಳತೆ

ನಮಸ್ಕಾರ, ಕಾರವಾರದಿಂದ ಬರೆಯುತ್ತಿದ್ದೇನೆ. ನನ್ನ ಪ್ರಬಂಧಕ್ಕಾಗಿ ಪಾರ್ಶ್ವವಾಯು ಆದವರ ಪ್ಲಾಸ್ಮಾದಲ್ಲಿ ಮಲಾನ್‌ಡೈಆಲ್ಡಿಹೈಡ್ (ಎಂಡಿಎ, ದೇಹದ ಕೊಬ್ಬು ಆಕ್ಸಿಡೀಕರಣದಿಂದ ಹಾಳಾದಾಗ ಹುಟ್ಟುವ ವಸ್ತು) ಅಳೆಯುತ್ತಿದ್ದೇನೆ. ಎಂಡಿಎ ಜೊತೆ ಸೇರಿ ಬಣ್ಣ ಕೊಡುವ ಟಿಬಿಎ (ಥಯೋಬಾರ್ಬಿಟ್ಯೂರಿಕ್ ಆಮ್ಲ) ಹಾಕಿ 95 ಡಿಗ್ರಿಯಲ್ಲಿ ಕಾಯಿಸಿ, ಗುಲಾಬಿ ಬಣ್ಣವನ್ನು 532 ನ್ಯಾನೋಮೀಟರಿನಲ್ಲಿ ಓದುವ ಹಳೇ ವಿಧಾನವೇ.

ಶಿರಸಿಯಿಂದ ಬರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ರಕ್ತದ ಟ್ಯೂಬುಗಳು ದೇವಿಮನೆ ಘಟ್ಟ ಇಳಿದು ಇಲ್ಲಿಗೆ ಮುಟ್ಟುವಷ್ಟರಲ್ಲಿ ಕೆಲವು ಹಿಮೋಲೈಸ್ ಆಗಿರುತ್ತವೆ. ಅವುಗಳ ರೀಡಿಂಗ್ ನಂಬುವ ಹಾಗಿಲ್ಲ. ಒಡೆದ ಕೆಂಪುಕಣಗಳ ಕಬ್ಬಿಣದಿಂದ ಕಾಯಿಸುವಾಗಲೇ ಇನ್ನಷ್ಟು ಎಂಡಿಎ ಹುಟ್ಟುತ್ತದಲ್ಲ, ರೋಗದ್ದೆಷ್ಟು, ದಾರಿಯದ್ದೆಷ್ಟು ಎಂದು ಬೇರ್ಪಡಿಸುವುದು ಹೇಗೆ?

ಶಿರಸಿಯಲ್ಲೇ ಸೆಂಟ್ರಿಫ್ಯೂಜ್ ಮಾಡಿಸಿ ಪ್ಲಾಸ್ಮಾ ಮಾತ್ರ ಡ್ರೈ ಐಸಿನಲ್ಲಿ ತರಿಸಲೇ? ಆಕ್ಸಿಡೀಕರಣ ತಡೆಯುವ ಬಿಎಚ್‌ಟಿಯನ್ನು ಯಾವ ಹಂತದಲ್ಲಿ ಸೇರಿಸುತ್ತೀರಿ? ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ಎಂಡಿಎ ನೋಡಿಕೊಡುವ ಲ್ಯಾಬ್ ಹುಬ್ಬಳ್ಳಿ, ಮಣಿಪಾಲದ ಕಡೆ ಇದ್ದರೆ ದಯವಿಟ್ಟು ತಿಳಿಸಿ.

ಮಾತು ನಿಂತ ಅಪ್ಪನ ಪಕ್ಕ ಕೂತು ಮಗಳೊಬ್ಬಳು ಸಹಿ ಹಾಕಿಕೊಟ್ಟ ರಕ್ತ ಇದು. ಒಂದು ಟ್ಯೂಬೂ ಹಾಳಾಗುವುದು ನನಗೆ ಬೇಡ.